ಮಿಕ್ಕಿಯ ಸಂಬಳ ಕೇಳಿದ ಅಪ್ಪ

ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಅಂತ ನಮ್ಮ ಕಡೆ ಒಂದು ಮಾತಿದೆ. ನಮ್ಮಪ್ಪ ಇದನ್ನು ಊರಿಗೆಲ್ಲ ಹೇಳುತ್ತಾರೆ, ತಾವು ಮಾತ್ರ ಪಾಲಿಸುವುದಿಲ್ಲ. ಮಂಡ್ಯದಲ್ಲಿ ಬಸ್ ಕಂಡಕ್ಟರ್, ಗ್ಯಾಸ್ ಸಿಲಿಂಡರ್ ಹೊತ್ತು ತರುವ ಹುಡುಗ, ಬ್ಯಾಂಕಿಗೆ ಹೊಸದಾಗಿ ಬಂದ ಕ್ಲರ್ಕ್, ಯಾರನ್ನೂ ಬಿಟ್ಟಿಲ್ಲ. ಎರಡು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊಗೆ ನಮ್ಮ ಮನೆಗೆ ಬಂದರು. ಇಲ್ಲೂ ಅದೇ ಕತೆ.

ಇಲ್ಲಿಗೆ ಬಂದವರನ್ನು ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗುವುದು ನಮ್ಮಂಥವರ ಖಾಯಂ ಡ್ಯೂಟಿ. ತಿರುಪತಿಯಲ್ಲಿ ಮನೆ ಮಾಡಿದವನಿಗೆ ದರ್ಶನ ಮಾಡಿಸುವ ಕೆಲಸ ತಪ್ಪುತ್ತದಾ? ಕಾರು ನಿಲ್ಲಿಸಿದ ಜಾಗದಿಂದ ಗೇಟಿನ ಕಡೆಗೆ ಟ್ರಾಮ್ ಇರುತ್ತದೆ. ಅವತ್ತು ಅದರಲ್ಲಿ ಮೈಕ್ ಹಿಡಿದು "ಮಕ್ಕಳ ಕೈ ಹಿಡಿದುಕೊಳ್ಳಿ, ಕಾಲು ಹೊರಗೆ ಚಾಚಬೇಡಿ" ಅಂತ ಹೇಳುತ್ತಿದ್ದವರಿಗೆ ಹೆಚ್ಚುಕಡಿಮೆ ಅಪ್ಪನ ವಯಸ್ಸು. ಬಿಸಿಲಿಗೆ ಕುತ್ತಿಗೆ ಕೆಂಪಾಗಿತ್ತು. ಇಳಿಯುವಾಗ ಅಪ್ಪ ನಿಂತೇಬಿಟ್ಟರು. "ಈ ವಯಸ್ಸಲ್ಲಿ ದುಡೀತಿದಾರಲ್ಲೋ. ಎಷ್ಟು ಕೊಡ್ತಾರೆ ಕೇಳು." ನಾನು ಬೇಡ ಅಂದೆ. ಅಪ್ಪ ತಮ್ಮ ಇಂಗ್ಲಿಷಿನಲ್ಲಿ ತಾವೇ ಕೇಳಿದರು. ಆ ಮನುಷ್ಯ ಬೇಜಾರು ಮಾಡಿಕೊಳ್ಳಲಿಲ್ಲ. ನಕ್ಕು, ಗಂಟೆಗೆ ಹದಿನೆಂಟು ಚಿಲ್ಲರೆ ಡಾಲರ್ ಅಂದರು. ಅಪ್ಪ ಗೇಟು ತಲುಪುವಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿದ್ದರು. "ಗಂಟೆಗೆ ಒಂದೂವರೆ ಸಾವಿರ ರೂಪಾಯಿ! ನಮ್ಮ ಮಂಜನ್ನ ಇಲ್ಲಿಗೆ ಕಳಿಸಿಬಿಡೋಣ."

ಮಂಜ ನನ್ನ ಚಿಕ್ಕಪ್ಪನ ಮಗ. ಊರಿನ ಕಡೆ ಒಂದು ವಾಟರ್ ಪಾರ್ಕಿನಲ್ಲಿ ರೈಡ್ ನೋಡಿಕೊಳ್ಳುತ್ತಾನೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಪ್ಪನ ಆ ಗುಣಾಕಾರ. ಡಾಲರನ್ನು ರೂಪಾಯಿ ಮಾಡಿದರೆ ಅಮೆರಿಕದಲ್ಲಿ ಬಡವರೇ ಇರುವುದಿಲ್ಲ. ಹದಿನೆಂಟು ಡಾಲರ್, ವಾರಕ್ಕೆ ನಲವತ್ತು ಗಂಟೆ ಅಂದರೆ 720 ಡಾಲರ್. ತಿಂಗಳಿಗೆ 3120. ಅದರಲ್ಲಿ ತೆರಿಗೆ ಹೋಗಬೇಕು, ಆರೋಗ್ಯ ವಿಮೆಯ ಕಂತು ಹೋಗಬೇಕು. ನಮ್ಮ ಏರಿಯಾದಲ್ಲಿ ಒಂದು ಬೆಡ್‌ರೂಮಿನ ಮನೆಗೆ 1500 ಕೇಳುತ್ತಾರೆ. ಇಲ್ಲಿ ಕಾರಿಲ್ಲದೆ ಬದುಕುವುದು ಕಷ್ಟ, ಅಂದರೆ ಅದರ ಕಂತು, ಪೆಟ್ರೋಲು, ವಿಮೆ ಬೇರೆ. ಪಾರ್ಕುಗಳ ಪಕ್ಕದ ಕಿಸ್ಸಿಮಿಯಲ್ಲಿ 192ನೇ ನಂಬರಿನ ಹೆದ್ದಾರಿ ಇದೆ. ಅದರ ಅಕ್ಕಪಕ್ಕ ಒಂದು ಕಾಲದಲ್ಲಿ ಪ್ರವಾಸಿಗರಿಗೆಂದು ಕಟ್ಟಿದ ಮೋಟೆಲ್‌ಗಳು. ಈಗ ಅಲ್ಲಿ ಎಷ್ಟೋ ಕುಟುಂಬಗಳು ವಾರದ ಬಾಡಿಗೆ ಕಟ್ಟಿಕೊಂಡು ಒಂದೇ ರೂಮಿನಲ್ಲಿ ಇರುತ್ತವೆ. ದುಡಿಯುವವರೇ. ಆದರೆ ಮನೆ ಹಿಡಿಯಲು ಅಡ್ವಾನ್ಸ್ ಒಟ್ಟುಗೂಡುವುದಿಲ್ಲ. ಸಾಯಂಕಾಲ ಸ್ಕೂಲ್ ಬಸ್ ಆ ಮೋಟೆಲ್ ಮುಂದೆ ನಿಲ್ಲುತ್ತದೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಹದಿನೆಂಟು ಕಮ್ಮಿನೇ ಅನ್ನು" ಅಂದರು. ಕಮ್ಮಿಯೇ. ಆದರೆ ಆ ಹದಿನೆಂಟು ಸುಮ್ನೆ ಬಂದಿದ್ದೂ ಅಲ್ಲ.

2018ರ ತನಕ ಡಿಸ್ನಿ ವರ್ಲ್ಡ್‌ನ ಯೂನಿಯನ್ ಕೆಲಸಗಾರರಿಗೆ ಶುರುವಿನ ಸಂಬಳ ಗಂಟೆಗೆ 10 ಡಾಲರ್ ಇತ್ತು. ಇಲ್ಲಿ ಆರು ಯೂನಿಯನ್‌ಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿವೆ. ಆ ವರ್ಷ ಅದು ಕೂತು ಮಾತಾಡಿ, 2021ರ ಅಕ್ಟೋಬರ್‌ ಹೊತ್ತಿಗೆ 15 ಆಗುವಂತೆ ಒಪ್ಪಂದ ಮಾಡಿಸಿತು. ಆಮೇಲೆ ಕೊರೊನಾ ಬಂತು, ಹಿಂದೆಯೇ ಬಾಡಿಗೆ ಏರಿತು. 2023ರ ಫೆಬ್ರವರಿಯಲ್ಲಿ ಕಂಪನಿ, ವರ್ಷಕ್ಕೆ ಒಂದು ಡಾಲರ್ ಏರಿಸುತ್ತೇವೆ ಅಂದಿತು. ಅದನ್ನು ಕೆಲಸಗಾರರ ಮತಕ್ಕೆ ಹಾಕಿದರು. ನೂರಕ್ಕೆ 96 ಜನ ಬೇಡ ಅಂದರು. ಮುಂದಿನ ತಿಂಗಳೇ ಹೊಸ ಒಪ್ಪಂದ ಬಂತು. ಅದೇ ವರ್ಷದ ಕೊನೆಗೆ ಕನಿಷ್ಠ 18.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಇಲ್ಲಿ ಮಿಕ್ಕಿ ಮೌಸ್ ವೇಷ ಹಾಕುವವರು ಯಾವ ಯೂನಿಯನ್ ಗೊತ್ತಾ? ಟೀಮ್‌ಸ್ಟರ್ಸ್. ಅಂದರೆ ಲಾರಿ ಡ್ರೈವರ್‌ಗಳದ್ದು. ಯಶವಂತಪುರದ ಲಾರಿ ಸಂಘದಲ್ಲಿ ಒಬ್ಬ ಬಬ್ರುವಾಹನ ವೇಷದವನು ಮೆಂಬರ್ ಆಗಿದ್ದಂತೆ. ಕೇಳಿದವರು ನಗುತ್ತಾರೆ. ನಾನೂ ನಕ್ಕಿದ್ದೆ. ಅಪ್ಪನನ್ನು ಪಾರ್ಕಿಗೆ ಕರೆದೊಯ್ದ ದಿನ ಮಧ್ಯಾಹ್ನ ಎರಡು ಗಂಟೆ ಬಿಸಿಲಿನಲ್ಲಿ ಅಪ್ಪನ ಜೊತೆ ಫೋಟೊಗೆ ಸಾಲು ನಿಂತಾಗ ನಗು ಹೋಯಿತು. ಮೈತುಂಬ ಕೂದಲಿನ ವೇಷ, ತಲೆಯ ಮೇಲೆ ದೊಡ್ಡ ತಲೆ, ಕೈಗೆ ದಪ್ಪ ಗ್ಲೌಸ್. ಮಾತಾಡುವ ಹಾಗಿಲ್ಲ, ಉಸ್ಸಪ್ಪಾ ಅನ್ನುವ ಹಾಗೂ ಇಲ್ಲ. ಒಂದು ಮಗು ಓಡಿ ಬಂದು ಹೊಟ್ಟೆಗೆ ಡಿಕ್ಕಿ ಹೊಡೆಯಿತು. ಒಳಗಿನವರು ಒಂದು ಹೆಜ್ಜೆ ಹಿಂದೆ ಸರಿದು, ಸಾವರಿಸಿಕೊಂಡು, ಎರಡೂ ಕೈ ಚಾಚಿ ತಬ್ಬಿಕೊಂಡರು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದ ಹುಡುಗಿ ಬಂದು ಮೆಲ್ಲಗೆ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ವೇಷದ ಬೆನ್ನು ಬೆವರಿಗೆ ಕಪ್ಪಾಗಿತ್ತು.

ಅಪ್ಪ ನೋಡಿದವರೇ "ಗಾರುಡಿ ಗೊಂಬೆ" ಅಂದರು. ಸರಿಯಾಗೇ ಹೇಳಿದರು. ದಸರಾ ಮೆರವಣಿಗೆಯಲ್ಲಿ ಬಿದಿರಿನ ಚೌಕಟ್ಟಿನ ಆ ಎತ್ತರದ ಗೊಂಬೆಯನ್ನು ಹೆಗಲ ಮೇಲೆ ಹೊತ್ತು ಕುಣಿಯುವವರದ್ದೂ ಇದೇ ಪಾಡು. ಗೊಂಬೆಯ ಹೊಟ್ಟೆಯ ಹತ್ತಿರ ಒಂದು ಸಣ್ಣ ಕಿಂಡಿ, ಅದರಲ್ಲೇ ದಾರಿ ಕಾಣಬೇಕು. ಅವರಿಗೆ ಕೊಡುವುದನ್ನು ನಾವು ಸಂಬಳ ಅನ್ನುವುದಿಲ್ಲ, ಸಂಭಾವನೆ ಅನ್ನುತ್ತೇವೆ. ಪದ ಚೆನ್ನಾಗಿದೆ, ಗೌರವ ಇದೆ. ಆದರೆ ಸಂಭಾವನೆಗೆ ಗಂಟೆ ಲೆಕ್ಕ ಇರುವುದಿಲ್ಲ ನೋಡಿ. ಎಷ್ಟು ಹೊತ್ತು ಹೊತ್ತೆ ಅಂತ ಯಾರೂ ಕೇಳುವುದಿಲ್ಲ.

ನನ್ನ ತಕರಾರು ಇರುವುದೇ ಅಲ್ಲಿ. ಕೆಲಸದವರ ಜೊತೆ ಪ್ರೀತಿ, ಸಲಿಗೆ ನಮ್ಮಲ್ಲಿ ಜಾಸ್ತಿ. ಮಂಜನ ಸೂಪರ್‌ವೈಸರ್ ಅವನನ್ನು "ಮಗಾ" ಅಂತಲೇ ಕರೆಯುವುದು. ಅವನ ತಂಗಿಯ ಮದುವೆಗೆ ಬಂದು ಓಡಾಡಿ ಬಡಿಸಿದ್ದಾರೆ. ಹಾಜರಿ ಬರೆಯುವಾಗ ಮಾತ್ರ ಕಥೆ ಬೇರೆ. ಮಂಜನೇ ಹೇಳಿದ್ದು ಕೇಳಿ: "ಎಂಟಕ್ಕೆ ಮುಂಚೆ ಗೇಟಲ್ಲಿರಬೇಕು ಅಣ್ಣ. ಯೂನಿಫಾರ್ಮ್ ಹಾಕ್ಕೊಂಡು, ರೈಡ್ ಒರೆಸಿ, ಬೆಲ್ಟೆಲ್ಲಾ ಎಳೆದು ನೋಡಿ, ಖಾಲಿ ಒಂದು ಸುತ್ತು ಓಡಿಸಬೇಕು. ಪಬ್ಲಿಕ್ ಒಳಗೆ ಬಿಟ್ಟ ಮೇಲಿಂದ ನಮ್ ಟೈಮು." ಸಾಯಂಕಾಲವೂ ಹಾಗೇ. ಜನ ಖಾಲಿಯಾದ ಮೇಲೆ ಟ್ಯೂಬು ಎಣಿಸಿ ಜೋಡಿಸುವುದು ಯಾವ ಲೆಕ್ಕಕ್ಕೂ ಇಲ್ಲ. ಮಳೆ ಜೋರಾಗಿ ಪಾರ್ಕು ಮುಚ್ಚಿದ ದಿನ "ನಾಳೆ ಬಾ ಮಗಾ" ಅಷ್ಟೇ. ಅವತ್ತಿನ ಕೂಲಿ ಮಳೆಯಲ್ಲಿ ಹೋಯಿತು.

ಇಂಥದ್ದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಫ್ಲಾರಿಡಾದ ಡಿಸ್ನಿ ರೆಸಾರ್ಟ್‌ಗಳಲ್ಲೂ ಇದೇ ಆಗಿತ್ತು. ವೇಷದ ಖರ್ಚು ಅಂತ ಸಂಬಳದಲ್ಲಿ ಹಿಡಿದುಕೊಂಡಿದ್ದರಿಂದ ಕೆಲವರ ಕೂಲಿ ಕನಿಷ್ಠ ವೇತನಕ್ಕಿಂತ ಕೆಳಗೆ ಬಿದ್ದಿತ್ತು. ಶಿಫ್ಟಿನ ಮುಂಚೆ, ಶಿಫ್ಟಾದ ಮೇಲೆ ಮಾಡಿದ ಕೆಲಸದ ಸಮಯವನ್ನೂ ಸರಿಯಾಗಿ ಎಣಿಸಿರಲಿಲ್ಲ. ಅಮೆರಿಕದ ಕಾರ್ಮಿಕ ಇಲಾಖೆ ಲೆಕ್ಕ ತೆಗೆಯಿತು. 2017ರಲ್ಲಿ 16,339 ಜನರಿಗೆ 38 ಲಕ್ಷ ಡಾಲರ್ ಬಾಕಿ ಕೊಡಲು ಕಂಪನಿ ಒಪ್ಪಿತು. ತಲೆಗೆ ಹಂಚಿದರೆ ಇನ್ನೂರಮೂವತ್ತು ಡಾಲರ್ ಆಸುಪಾಸು. ದೊಡ್ಡ ದುಡ್ಡಲ್ಲ. ಆದರೆ ಬೆಳಗಿನ ಆ ಕಾಲು ಗಂಟೆಯೂ ಕೆಲಸವೇ ಅಂತ ಒಬ್ಬರು ಬರೆದು ಕೊಟ್ಟ ಹಾಗಾಯಿತಲ್ಲ!

ತಮಾಷೆ ಅಂದರೆ, ಕಾಗದದ ಮೇಲೆ ನೋಡಿದರೆ ನಮ್ಮ ಕಾಯ್ದೆಯದ್ದೇ ದೊಡ್ಡ ಕೈ. ಅಮೆರಿಕದಲ್ಲಿ ವಾರಕ್ಕೆ ನಲವತ್ತು ಗಂಟೆ ದಾಟಿದರೆ ಓವರ್‌ಟೈಮ್ ಒಂದೂವರೆ ಪಟ್ಟು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಓವರ್‌ಟೈಮ್‌ಗೆ ಎರಡು ಪಟ್ಟು ಅಂತಿದೆ. ನಮ್ಮಲ್ಲಿ ಕನಿಷ್ಠ ವೇತನದ ಜೊತೆ ತುಟ್ಟಿಭತ್ಯೆ ಸೇರಿ ಬೆಲೆ ಏರಿದಂತೆ ಏರಬೇಕು. ಇಲ್ಲಿನ ಕೇಂದ್ರ ಸರ್ಕಾರದ ಕನಿಷ್ಠ ವೇತನ 2009ರಲ್ಲಿ 7.25 ಡಾಲರ್ ಆದದ್ದು, ಅಲ್ಲೇ ಕೂತಿದೆ. ಇನ್ನೊಂದು ಕೇಳಿ. ವರ್ಷದಲ್ಲಿ ಏಳು ತಿಂಗಳಿಗಿಂತ ಜಾಸ್ತಿ ನಡೆಯದ ಅಮ್ಯೂಸ್‌ಮೆಂಟ್ ಪಾರ್ಕುಗಳಿಗೆ ಆ 7.25ರಿಂದಲೂ ಓವರ್‌ಟೈಮ್‌ನಿಂದಲೂ ವಿನಾಯಿತಿ ಇದೆ. ಒರ್ಲ್ಯಾಂಡೊದಲ್ಲಿ ಚಳಿ ಇಲ್ಲ, ಪಾರ್ಕು ವರ್ಷವಿಡೀ ತೆರೆದಿರುತ್ತದೆ, ಹಾಗಾಗಿ ಇಲ್ಲಿ ಅದು ನಡೆಯುವುದಿಲ್ಲ. ಫ್ಲಾರಿಡಾದ ಜನ 2020ರಲ್ಲಿ ತಾವೇ ಮತ ಹಾಕಿ ರಾಜ್ಯದ ಕನಿಷ್ಠ ವೇತನ ವರ್ಷ ವರ್ಷ ಏರಿ 2026ರ ಸೆಪ್ಟೆಂಬರ್‌ಗೆ 15 ಆಗುವಂತೆ ಮಾಡಿಕೊಂಡರು. ಅದೇ ಮತಪತ್ರದಲ್ಲಿ ಟ್ರಂಪ್‌ರನ್ನೂ ಈ ರಾಜ್ಯದಲ್ಲಿ ಗೆಲ್ಲಿಸಿದರು. ಸಂಬಳದ ವಿಷಯ ಬಂದಾಗ ಪಕ್ಷ ನೋಡುವುದಿಲ್ಲ ಜನ.

ಎರಡು ಪಟ್ಟು ಓವರ್‌ಟೈಮ್ ಇದೆ ಕಣೋ ಅಂತ ಮಂಜನಿಗೆ ಫೋನಿನಲ್ಲಿ ಹೇಳಿದೆ. "ಹೌದಾ!" ಅಂದ. ಯಾರೋ ದೂರದ ನೆಂಟರ ಸಮಾಚಾರ ಕೇಳಿದವರ ಹಾಗೆ.

ಕ್ಯಾಲಿಫೋರ್ನಿಯಾದ ಕಥೆಯನ್ನೂ ಹೇಳಿಬಿಡುತ್ತೇನೆ. ಅಲ್ಲಿನ ಅನಾಹೈಮ್ ನಗರದಲ್ಲಿರುವ ಇದೇ ಕಂಪನಿಯ ಡಿಸ್ನಿಲ್ಯಾಂಡ್‌ನಲ್ಲಿ 2018ರಲ್ಲಿ ಕೆಲಸಗಾರರ ಸಮೀಕ್ಷೆ ಆಯಿತು. ಉತ್ತರ ಕೊಟ್ಟವರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಹಿಂದಿನ ಎರಡು ವರ್ಷದಲ್ಲಿ ಯಾವಾಗಲಾದರೂ ಮನೆಯಿಲ್ಲದೆ ಇದ್ದವರು. ಅದೇ ವರ್ಷ ಕಂಪನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅವರ ಆದಾಯ 6.5 ಕೋಟಿ ಡಾಲರ್ ದಾಟಿತ್ತು. ಮಧ್ಯಮ ಸಂಬಳದ ನೌಕರನ 1,424 ಪಟ್ಟು. ಡಿಸ್ನಿ ಮನೆತನದವರೇ ಆದ ಅಬಿಗೈಲ್ ಡಿಸ್ನಿ ಇದು ಸರಿಯಲ್ಲ ಅಂತ ಬಹಿರಂಗವಾಗಿ ಹೇಳಿದರು. 2018ರ ನವೆಂಬರ್‌ನಲ್ಲಿ ಊರಿನವರು ಮತ ಹಾಕಿ ಒಂದು ನಿಯಮ ತಂದರು: ನಗರಸಭೆಯ ಸಹಾಯಧನ ಪಡೆಯುವ ದೊಡ್ಡ ಹೋಟೆಲ್, ಪಾರ್ಕುಗಳು ಹೆಚ್ಚಿನ ಕನಿಷ್ಠ ವೇತನ ಕೊಡಬೇಕು. ನಾವು ಸಹಾಯಧನ ಪಡೆದೇ ಇಲ್ಲ ಅಂತ ಕಂಪನಿ. ಪಾರ್ಕಿಂಗ್ ಕಟ್ಟಡಕ್ಕೆ ನಗರಸಭೆ ಬಾಂಡ್ ಮೂಲಕ ಸಾಲ ಎತ್ತಿ ಕೊಟ್ಟಿದ್ದೇನು ಅಂತ ಕೆಲಸಗಾರರು. ಕೆಳಗಿನ ಕೋರ್ಟಿನಲ್ಲಿ ಸೋತರು, ಮೇಲಿನ ಕೋರ್ಟಿನಲ್ಲಿ 2023ರಲ್ಲಿ ಗೆದ್ದರು. 2024ರ ಡಿಸೆಂಬರ್‌ನಲ್ಲಿ 23.3 ಕೋಟಿ ಡಾಲರ್ ಕೊಡಲು ರಾಜಿಯಾಯಿತು. ಐವತ್ತು ಸಾವಿರಕ್ಕೂ ಜಾಸ್ತಿ ಜನರಿಗೆ.

ಸಂಬಳ ಏರಿಸಿದರೆ ಟಿಕೆಟ್ ಏರುತ್ತದೆ ಅಂತ ನಮ್ಮ ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಒಬ್ಬರು ವಾದ ಮಾಡಿದರು. ಟಿಕೆಟ್ ಯಾರನ್ನೂ ಕಾಯದೆ ಏರಿದೆ ಸ್ವಾಮಿ. 1971ರಲ್ಲಿ ಡಿಸ್ನಿ ವರ್ಲ್ಡ್ ಬಾಗಿಲು ತೆರೆದಾಗ ಗೇಟಿಗೆ 3.50 ಡಾಲರ್. 2025ರ ಕ್ರಿಸ್‌ಮಸ್ ಸಮಯದಲ್ಲಿ ಅದರ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಒಂದು ದಿನಕ್ಕೆ 199.

ಹಾಗಂತ ಇಲ್ಲಿನದ್ದೆಲ್ಲ ಮೇಲು ಅನ್ನುವುದಿಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಸಾವಿನ ಬಾವಿ ನೋಡಿದ್ದೀರಲ್ವಾ? ಬೈಕಿನವನು ಹಲಗೆಯ ಗೋಡೆ ಮೇಲೆ ಸುತ್ತುತ್ತ ಮೇಲೆ ಬಂದು ಕೈ ಚಾಚುತ್ತಾನೆ. ನಾವು ಹತ್ತರ ನೋಟು ಮಡಚಿ ಹಿಡಿದಿರುತ್ತೇವೆ. ಅವನ ಬೆರಳು ನಮ್ಮ ಬೆರಳಿಗೆ ತಾಗುತ್ತದೆ. ಇಲ್ಲಿ ಹೋಟೆಲಿನಲ್ಲಿ ಕಾಫಿ ಸುರಿದರೂ ಟಿಪ್ಸ್ ಕೊಡಬೇಕು, ರೈಡ್ ನಡೆಸುವವರು ಮಾತ್ರ ಟಿಪ್ಸ್ ತೆಗೆದುಕೊಳ್ಳುವ ಹಾಗಿಲ್ಲ. ಅಪ್ಪ ಆ ಟ್ರಾಮಿನವರಿಗೆ ಐದು ಡಾಲರ್ ಕೊಡಲು ಹೋಗಿ ವಾಪಸ್ ಜೇಬಿಗೆ ಹಾಕಿಕೊಂಡರು. ಬೆರಳು ತಾಗುವ ಸುಖ ನಮ್ಮದು. ಆದರೆ ಬೈಕಿನಿಂದ ಬಿದ್ದವನಿಗೆ ಆ ಹತ್ತರ ನೋಟುಗಳು ಎಷ್ಟು ದಿನ ಬರುತ್ತವೆ?

ಅಪ್ಪನ ಕೆಟ್ಟ ಚಾಳಿಯ ಬಗ್ಗೆ ನನ್ನ ಅಭಿಪ್ರಾಯ ಈಗ ಬದಲಾಗಿದೆ. ಇಲ್ಲಿನ 1935ರ ಕಾರ್ಮಿಕ ಕಾಯ್ದೆಯ ಪ್ರಕಾರ ಕೆಲಸಗಾರರು ತಮ್ಮತಮ್ಮೊಳಗೆ ಸಂಬಳದ ಮಾತಾಡಬಹುದು, ಮಾಲೀಕ ಅಡ್ಡ ಬರುವ ಹಾಗಿಲ್ಲ. ಆ ಮಾತಿನಿಂದಲೇ ಅಲ್ವಾ ನೂರಕ್ಕೆ 96 ಬರುವುದು? ಮಂಜನ ಪಾರ್ಕಿನಲ್ಲಿ ಒಂದೇ ರೈಡಿನ ಎರಡು ಬದಿ ಇಬ್ಬರು ನಿಲ್ಲುತ್ತಾರೆ. ಒಬ್ಬ ಕಂಪನಿಯವನು, ಮಂಜ ಏಜೆನ್ಸಿಯವನು. "ಅವನಿಗೆಷ್ಟು?" ಅಂದೆ. ಮೂರು ವರ್ಷ ಜೊತೆಯಲ್ಲಿ ಬುತ್ತಿ ಹಂಚಿಕೊಂಡು ತಿಂದವನು, "ಅದನ್ನೆಲ್ಲ ಹೆಂಗಣ್ಣ ಕೇಳೋದು" ಅಂದ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನನ್ನು ಕೇಳುತ್ತೇವೆ. ಕೇಳಬೇಕಾದ ಕಡೆ ನಾಚಿಕೆ.

ಒಂದು ನೋಟ್‌ಬುಕ್ ಇಡು, ಗೇಟಿನೊಳಗೆ ಕಾಲಿಟ್ಟ ಹೊತ್ತು, ಹೊರಗೆ ಬಂದ ಹೊತ್ತು ಬರೆದುಕೋ ಅಂತ ಹೇಳಿದ್ದೆ. "ಬರೆದು ಯಾರಿಗೆ ತೋರಿಸಲಿ?" ಅಂತ ನಕ್ಕಿದ್ದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದ ವಾರ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ಗೆರೆ ಎಳೆದ ಹಾಳೆ, ನೀಲಿ ಪೆನ್ನು. ಒಳಗೆ 7.40, ಹೊರಗೆ 7.15. ಅದರ ಕೆಳಗೆ ಇನ್ನೊಂದು ಸಾಲು, ಬೇರೆ ಕೈಬರಹ, ಹಸಿರು ಪೆನ್ನು. ಆಚೆ ಬದಿ ನಿಲ್ಲುವವನದ್ದಂತೆ.