ಅತ್ತೆಯ ಮುದ್ದೆ, ಕಾವೇರಿಯ ಮೀನು

ಕೊಡಗಿನಲ್ಲಿ ಮನೆ ಮಾಡಿಕೊಂಡವರಿಗೆ ಇರುವುದು ಎರಡೇ ಕಾಲ: ಮಳೆಗಾಲ, ನೆಂಟರಗಾಲ. ಮಕ್ಕಳ ಪರೀಕ್ಷೆ ಮುಗಿಯುವುದೇ ತಡ, "ಏನಿಲ್ಲ, ಅಲ್ಲಿ ತಣ್ಣಗಿರುತ್ತಲ್ಲ, ಸುಮ್ನೆ ಬಂದು ಹೋಗೋಣ ಅಂತ" ಎಂದು ಫೋನು ಶುರುವಾಗುತ್ತದೆ. ಬಂದವರನ್ನು ದುಬಾರೆಗೆ, ಅಬ್ಬಿಗೆ, ರಾಜಾಸೀಟಿಗೆ, ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ಲಿಗೆ (ಅದು ಮೈಸೂರು ಜಿಲ್ಲೆ ಎಂದರೆ ಯಾರೂ ನಂಬುವುದಿಲ್ಲ) ಸುತ್ತಿಸಿ, ಹೊರಡುವಾಗ ಕಾಫಿಪುಡಿ ಕೈಗಿಟ್ಟು ಕಳಿಸುವುದು ಕುಶಾಲನಗರದ ನಮ್ಮಂಥವರ ಕುಲಕಸುಬು. ಹಾಗಿರುವಾಗ ಬೆಂಗಳೂರಿನ ಮೈದುನ, "ಅತ್ತಿಗೆ, ಈ ಸಲ ಅಡುಗೆಮನೆಗೆ ಬೀಗ ಹಾಕಿ. ಎಲ್ಲರೂ ಐಲ್ಯಾಂಡ್ ರೆಸಾರ್ಟಿಗೆ ಹೋಗಿ ಮೀನು ಹಿಡಿಯೋಣ" ಅಂದರೆ ನಾನು ಬೇಡ ಅನ್ನುತ್ತೇನೆಯೇ?

ಅವನ ಮನಸ್ಸಿನಲ್ಲಿದ್ದದ್ದು ಲಕ್ಷದ್ವೀಪ. ಅಲ್ಲಿಗೆ ಹೋಗಲು ಪರ್ಮಿಟ್ ಬೇಕು, ಮೇಲೆ ವಿಮಾನದ ಖರ್ಚು. ನಮ್ಮವರು ದುಡ್ಡಿನ ವಿಷಯ ಬಂದರೆ ಭೂಗೋಳವನ್ನೇ ತಿದ್ದುವವರು. "ದ್ವೀಪ ಅಂದ್ರೆ ಸುತ್ತ ನೀರಿರಬೇಕು ಅಷ್ಟೇ ತಾನೇ? ಸಿದ್ದಾಪುರದ ಕಡೆ ಕಾವೇರಿಯೊಳಗೇ ಒಂದಿದೆ. ಒಂದು ಗಂಟೆಯೂ ಹಿಡಿಯಲ್ಲ" ಎಂದು ಫೋನಿನಲ್ಲಿ ಫೋಟೋ ತೋರಿಸಿದರು. ತುಂಬಿ ಹರಿಯುವ ಹೊಳೆ, ನಡುವೆ ಹಸಿರು ತುಣುಕು, ಹುಲ್ಲಿನ ಸೂರಿನ ಎರಡು ಕಾಟೇಜು. ಮೇಲಿನಿಂದ ತೆಗೆದ ಚಿತ್ರ, ಅದೂ ಆಗಸ್ಟ್ ತಿಂಗಳದ್ದು. ನಾವು ಹೊರಟಿದ್ದು 2025ರ ಮೇ ತಿಂಗಳಲ್ಲಿ.

ಹೋಗಿ ನೋಡಿದರೆ ಹೊಳೆ ತುಂಬ ಬಂಡೆ. ಬಂಡೆಗಳ ನಡುವೆ ಅಲ್ಲಲ್ಲಿ ನೀರು. ಸೀರೆಯ ನೆರಿಗೆ ಎತ್ತುವಷ್ಟೂ ಆಳವಿಲ್ಲದ ಕಡೆ ದಾಟಿಕೊಂಡು ದ್ವೀಪ ಸೇರಿದೆವು. ನಮ್ಮ ಹಿಂದೆಯೇ ಒಂದು ಹಸು ಕೂಡ ದಾಟಿ ಬಂದು, ಕಾಟೇಜಿನ ಮುಂದಿನ ಹುಲ್ಲಿಗೆ ಬಾಯಿ ಹಾಕಿತು. ನಾಗಮಂಗಲ ಸೀಮೆಯ ನಮ್ಮತ್ತೆ ಸುತ್ತ ಕಣ್ಣಾಡಿಸಿ, "ದ್ವೀಪ ಎಲ್ಲದೆ ಮಗ?" ಅಂದರು. "ನೀವು ನಿಂತಿರೋದೇ ಅಮ್ಮಾ" ಅಂದರು ಮಾಲೀಕರು. ಆಚೆ ದಡದಲ್ಲಿ ಅವರ ಕಾಫಿ ತೋಟ, ಮನೆ ಎಲ್ಲ. "ಮಳೆ ಬಂದ್ರೆ ಪೂರ್ತಿ ದ್ವೀಪ. ಈಗ ಸ್ವಲ್ಪ ಕಮ್ಮಿ ಅಷ್ಟೇ."

ಮೀನಿನ ವಿಷಯಕ್ಕೆ ಬಂದಾಗ ಅವರ ದನಿ ಬದಲಾಯಿತು. ಕಾವೇರಿಯಲ್ಲಿರುವುದು ಮಹಶೀರ್. ಗೂನು ಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಜಾತಿ 2018ರಲ್ಲೇ ಅಳಿವಿನ ತೀರಾ ಅಂಚಿಗೆ ಬಂದಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿದೆ. ಆದ್ದರಿಂದ ಇಲ್ಲಿ ವಾಲ್ನೂರಿನ ಕಡೆಯ ಪದ್ಧತಿಯೇ ಪದ್ಧತಿ: ಅನುಮತಿ ಪಡೆದು ಗಾಳ ಹಾಕಬೇಕು, ಕೊಕ್ಕೆಯ ತುದಿಯಲ್ಲಿ ಹಿಮ್ಮುಳ್ಳು ಇರಕೂಡದು, ಸಿಕ್ಕಿದ ಮೀನನ್ನು ಹಾಗೇ ನೀರಿಗೆ ಬಿಟ್ಟುಬಿಡಬೇಕು.

ಅತ್ತೆ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. "ಇಡ್ದು ಬುಡಾದಾದ್ರೆ ಇಡ್ಯಾದ್ಯಾಕ್ಲಾ?"

ಮೈದುನ ವಿವರಿಸಲು ಹೋದ. ಇದು ಆಟ ಅಮ್ಮ, ಊಟ ಅಲ್ಲ. ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಅನ್ನುವವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು, ಅಂದರೆ 54 ಕಿಲೋ, ಈಗಲೂ ಆ ದಾಖಲೆಯ ಮಾತಾಡುತ್ತಾರೆ. "ಐವತ್ನಾಕು ಕಿಲೋನಾ!" ಅತ್ತೆ ಕಣ್ಣರಳಿಸಿದರು. "ಅದುನ್ನೂ ಬುಟ್ಬುಟ್ರಾ?" ಅದನ್ನು ಬಿಡಲಿಲ್ಲ ಎನ್ನಲು ಮೈದುನನಿಗೆ ಬಾಯಿ ಬರಲಿಲ್ಲ.

ಗಾಳಕ್ಕೆ ಏನು ಕಟ್ಟುತ್ತೀರಿ ಎಂದು ಕೇಳಿದ್ದೇ ನಮ್ಮ ರಜೆಯ ದಿಕ್ಕು ತಪ್ಪಿಸಿತು. ತೆಪ್ಪದಣ್ಣ ಸಲೀಸಾಗಿ, "ರಾಗಿ ಮುದ್ದೆ" ಅಂದ. ಏಡಿ, ಸಣ್ಣ ಮೀನು ಕೂಡ ಕಟ್ಟುತ್ತಾರಂತೆ, ಆದರೆ ದೊಡ್ಡ ಮಹಶೀರಿಗೆ ಮುದ್ದೆಯೇ ಆಗಬೇಕು. ತಾನು ತಂದ ಮುದ್ದೆಯೊಂದನ್ನು ಅತ್ತೆಯ ಕೈಗಿಟ್ಟ. ನಿಂಬೆಹಣ್ಣಿನ ಗಾತ್ರ, ಕುದಿಸಿ ಕುದಿಸಿ ಕಪ್ಪಗಾದದ್ದು. ಹೆಬ್ಬೆರಳಿಂದ ಅದುಮಿದರೆ ತಗ್ಗಿ, ಬೆರಳು ತೆಗೆದೊಡನೆ ರಬ್ಬರಿನಂತೆ ಮೇಲೆದ್ದಿತು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮೂಸಿದರು. ಮುಖದ ಮೇಲೆ ಮಂಡ್ಯ ಜಿಲ್ಲೆಗೇ ಆದ ಅವಮಾನ.

"ಯಾವೋಳು ತಿರುವಿದ್ದು ಇದ?"

"ನೀರಲ್ಲಿ ಕರಗಬಾರದಲ್ಲ ಅಮ್ಮಾ, ಅದಕ್ಕೇ ಗಟ್ಟಿ. ಮಹಶೀರಿಗೆ ಬಾಯಲ್ಲಿ ಹಲ್ಲಿಲ್ಲ. ಹಲ್ಲಿರೋದು ಗಂಟಲಲ್ಲಿ. ಬಾಯಿಗೆ ಬಂದಿದ್ದನ್ನ ಸೀದಾ ಒಳಗೆ ಎಳ್ಕೊಳ್ತದೆ."

ಅತ್ತೆಗೆ ದವಡೆ ಹಲ್ಲುಗಳು ಹೋಗಿ ಬಹಳ ವರ್ಷವಾಯಿತು. ಅವರು ಹೊಳೆಯ ಕಡೆ ತಿರುಗಿ ನೋಡಿದ ನೋಟದಲ್ಲಿ ಮೊದಲ ಬಾರಿಗೆ ಬಂಧುತ್ವ ಕಂಡಿತು. "ಅಂಗಾರೆ ಮುದ್ದೆ ಅಗಿಯಲ್ಲ, ನುಂಗ್ತದೆ ಅನ್ನು. ನಮ್ ಕಡೇದೇ ಕಣವ್ವ" ಎಂದು ನನಗೆ ಹೇಳಿ, ಕಾಟೇಜಿನ ಅಡುಗೆಕೋಣೆಗೆ ನಡೆದರು. ಹೋದಲ್ಲೆಲ್ಲ ರಾಗಿಹಿಟ್ಟಿನ ಚೀಲ ಹೊತ್ತು ಬರುವುದು ಅವರ ಪದ್ಧತಿ.

ಆಮೇಲೆ ನಡೆದದ್ದನ್ನು ಬಂಡೆಯ ಮೇಲೆ ಕೂತು ನಾನು ಕಣ್ಣಾರೆ ಕಂಡಿದ್ದೇನೆ. ಮೇಲಿನ ಮಡುವಿನಲ್ಲಿ ಅಣ್ಣತಮ್ಮಂದಿರು ಗಾಳ ಬೀಸುತ್ತಿದ್ದರು. ನಮ್ಮವರ ಗಾಳ ಎರಡು ಸಲ ಅತ್ತಿ ಮರ ಹಿಡಿಯಿತು, ಒಂದು ಸಲ ತಮ್ಮನ ಅಂಗಿಯ ಕಾಲರು ಹಿಡಿಯಿತು. ಹಿಮ್ಮುಳ್ಳಿಲ್ಲದ ಕೊಕ್ಕೆಯ ಮಹತ್ವ ಮೈದುನನಿಗೆ ಅರ್ಥವಾದದ್ದು ಆಗಲೇ, ಎಳೆದರೆ ಬಂತು. ಕೆಳಗಿನ ಮಡುವಿನಲ್ಲಿ ಅತ್ತೆ ಬಿಸಿ ಮುದ್ದೆಯನ್ನು ತುಣುಕು ಮಾಡಿ ನೀರಿಗೆ ಹಾಕುತ್ತಿದ್ದರು. ಮೊದಲು ಬೆರಳುದ್ದದ ಮರಿಗಳು ಬಂದವು. ಆಮೇಲೆ ಅಂಗೈಯಗಲದವು. ಸಂಜೆಯ ಹೊತ್ತಿಗೆ ಬಂಡೆಯ ನೆರಳಿನಿಂದ ಒಂದು ಕಂದು ಬೆನ್ನು ಮೆಲ್ಲಗೆ ಮೇಲೆ ಬಂತು, ತುಟಿ ಮುಂದೆ ಚಾಚಿತು, ತುಣುಕು ಮಾಯ. ಅಗಿದದ್ದು ಕಾಣಲಿಲ್ಲ. ತೆಪ್ಪದಣ್ಣ ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. "ರಾಮನಾಥಪುರದಲ್ಲಿ ಜನ ಹೀಗೇ ಪುರಿ ಹಾಕ್ತಾರಮ್ಮಾ. ಅಲ್ಲಿ ಮೀನು ಹಿಡಿಯೋ ಹಾಗಿಲ್ಲ, ದೇವರ ಮೀನು" ಅಂದ. ಮೇಲಿನ ಮಡುವಿನಿಂದ ನಮ್ಮವರು ಕೂಗಿದರು: "ಅವ್ವಾ, ಅಲ್ಲಿ ಹಾಕ್ಬೇಡ! ಎಲ್ಲ ಅಲ್ಲೇ ಬತ್ತವೆ!"

"ಉಣ್ಣಾಕ್ ಬಂದೋವ್ನ ಎಬ್ಬುಸ್ಲಾ?" ಅಂದರು ಅತ್ತೆ.

ಇಷ್ಟಾದರೂ ರಾತ್ರಿ ಊಟಕ್ಕೆ ಮೀನು ಸಾರಿತ್ತು. ಬೆಳಿಗ್ಗೆ ತೋಟದ ರಸ್ತೆಯಲ್ಲಿ ಪೋಂ ಪೋಂ ಎನ್ನುತ್ತ ಬಂದ ಬೈಕಿನವನ ಐಸ್ ಪೆಟ್ಟಿಗೆಯಿಂದ ಕೊಂಡ ಮತ್ತಿ ಮೀನು. ಕಾವೇರಿ ದಡದ ಮನೆಗೆ ಘಟ್ಟ ಹತ್ತಿ ಸಮುದ್ರದ ಮೀನು ಬರುತ್ತದೆ. ಕಾಚಂಪುಳಿ ಹಾಕಿ ಚೆನ್ನಾಗಿಯೇ ಮಾಡಿದ್ದರು, ದೂರಲು ಏನೂ ಇಲ್ಲ.

ಮಳೆ ಶುರುವಾದದ್ದು ಆ ರಾತ್ರಿ. ಜೂನ್ 1ರ ಹೊತ್ತಿಗೆ ಕೇರಳ ಮುಟ್ಟಬೇಕಾದ ಮುಂಗಾರು ಆ ವರ್ಷ ಮೇ 24ಕ್ಕೇ ಬಂದಿಳಿದಿತ್ತು. ಭಾಗಮಂಡಲದ ಕಡೆ ಎಷ್ಟು ಸುರಿಯಿತೋ, ಬೆಳಿಗ್ಗೆ ಎದ್ದು ನೋಡುವಾಗ ನಾವು ದಾಟಿ ಬಂದ ಬಂಡೆಗಳೇ ಇಲ್ಲ. ಕೆಂಪು ನೀರು, ಅದರ ಮೇಲೆ ತೇಲುತ್ತಿರುವ ಬಿದಿರು ಗಳ. ಕರೆಂಟಿಲ್ಲ, ಸಿಗ್ನಲ್ಲಿಲ್ಲ. ಹಸು ಮಾತ್ರ ರಾತ್ರಿಯೇ ಯಾವಾಗಲೋ ಮನೆಗೆ ಹೋಗಿತ್ತು. ಆಚೆ ದಡದಲ್ಲಿ ಕೊಡೆ ಹಿಡಿದು ನಿಂತ ಮಾಲೀಕರು ಕೈಗಳನ್ನು ಬಾಯಿಗೆ ಒಡ್ಡಿ ಕೂಗಿದರು. ಮೈದುನ ಆತಂಕದಿಂದ ಕಿವಿಗೊಟ್ಟು ಕೇಳಿ ನಮಗೆ ತಿಳಿಸಿದ: "ಈಗ ಪೂರ್ತಿ ದ್ವೀಪ ಅಂತಿದ್ದಾರೆ."

ತೆಪ್ಪ ಇಳಿಸುವ ಹಾಗಿಲ್ಲ. ದಿನಸಿ ಬರುವ ಹಾಗಿಲ್ಲ. ದ್ವೀಪದಲ್ಲಿ ನಮ್ಮ ಜೊತೆ ಉಳಿದವನು ಅಡುಗೆಗಿದ್ದ ಅಸ್ಸಾಮಿನ ಹುಡುಗನೊಬ್ಬ. ಅವನ ಹಿಂದಿ ನಮಗೆ ಅರ್ಧ ತಿಳಿಯುತ್ತಿತ್ತು, ನಮ್ಮ ಹಿಂದಿ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಡಬ್ಬಗಳನ್ನೆಲ್ಲ ತಡಕಿದಾಗ ಸಿಕ್ಕಿದ್ದು ಬೆಲ್ಲ, ಮೆಣಸು, ಉಪ್ಪು. ಗಾಳಿಗೆ ಉದುರಿದ ಕಾಡುಮಾವಿನ ಹಣ್ಣು ಅಂಗಳದ ತುಂಬ ಬಿದ್ದಿತ್ತು. ನಾನು ಅದನ್ನು ಹಿಸುಕಿ ಸಾರು ಮಾಡಿದೆ. ಅತ್ತೆ ಉಳಿದ ರಾಗಿಹಿಟ್ಟನ್ನು ಎಸರಿಗೆ ಸುರಿದು ಕೋಲು ಹಾಕಿದರು. ಮೀನಿಗೆ ಅಷ್ಟು ಹಾಕದಿದ್ದರೆ ರಾತ್ರಿಗೂ ಆಗುತ್ತಿತ್ತೆಂದು ನಮ್ಮವರು ಗೊಣಗಿದರು, ಆದರೆ ಮೆಲ್ಲಗೆ.

ಹುಡುಗ ಮುದ್ದೆಯನ್ನು ನೋಡಿದ್ದು ಅದೇ ಮೊದಲು. ಒಂದು ತುಣುಕು ಬಾಯಿಗೆ ಹಾಕಿಕೊಂಡು, ಮರ್ಯಾದೆಯಿಂದ, ಬಹಳ ಹೊತ್ತು ಅಗಿದ. ಮುದ್ದೆ ಹಲ್ಲಿಗೆ ಅಂಟಿ ದವಡೆ ಬಿಗಿಯಿತು. ಅತ್ತೆಗೆ ತಡೆಯಲಾಗಲಿಲ್ಲ. "ಅಗೀಬೇಡ್ವೋ! ಒಳೇ ಮೀನ್ಗೇ ಗೊತ್ತು, ನಿಂಗ್ ಗೊತ್ತಿಲ್ವಾ?" ಎಂದು ತುಣುಕನ್ನು ಸಾರಿನಲ್ಲಿ ಹೊರಳಿಸಿ ಗುಳಕ್ಕನೆ ನುಂಗಿ ತೋರಿಸಿದರು. ಅವನೂ ನುಂಗಿದ. ಭಾಷೆಯ ತೊಂದರೆ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ನೀರು ಇಳಿದು, ಹಗ್ಗ ಕಟ್ಟಿ ತೆಪ್ಪದಲ್ಲಿ ನಮ್ಮನ್ನು ದಾಟಿಸಿದರು. ಕಾಫಿ ಕುಡಿಯುವಾಗ ಬಿಲ್ಲು ಬಂತು. ಒಂದು ರಾತ್ರಿ ಹೆಚ್ಚಿಗೆ ಸೇರಿಸಿದ್ದರು. ಅತ್ತೆ ಅದನ್ನು ಓದಿಸಿಕೊಂಡು, "ನಾವೆಲ್ ಉಳ್ಕಂಡ್ವಿ ಯಜಮಾನ್ರೆ? ನೀವು ಬುಟ್ಟೋದ್ರಿ. ನಿಮ್ಮ ಉಡುಗುಂಗೆ ಊಟ ಹಾಕಿವ್ನಿ, ನಿಮ್ಮ ಒಳೇ ಮೀನ್ಗೂ ಹಾಕಿವ್ನಿ. ರಾಗಿ ಏನ್ ಪುಕ್ಸಟ್ಟೆ ಬತ್ತದಾ?" ಅಂದರು. ಮಾಲೀಕರು ನಗುತ್ತ ಆ ಸಾಲಿಗೆ ಗೀಟು ಎಳೆದರು.

ಮೈದುನ ಬಿಲ್ಲನ್ನು ಮತ್ತೆ ನೋಡಿದ. "ಸಾರ್, ಗಾಳದ್ದು ಒಬ್ಬರಿಗೆ ಮಾತ್ರ ಹಾಕಿದ್ದೀರಿ. ನಾವು ಇಬ್ಬರು ಹಿಡಿದ್ವಲ್ಲ."

"ನೀವೇನು ಹಿಡಿದ್ರಿ? ಅದು ಅಮ್ಮನ ಲೆಕ್ಕ. ಮೀನು ಬಂದದ್ದು ಅವರ ಹತ್ರ ತಾನೇ?"

ಆ ಒಂದು ಸಾಲಿಗೆ ಮಾತ್ರ ಅತ್ತೆ ಚೌಕಾಸಿ ಮಾಡಲಿಲ್ಲ. ಎಲೆಅಡಿಕೆ ಸಂಚಿ ಬಿಚ್ಚಿ, ಮಡಿಸಿಟ್ಟ ನೋಟು ತೆಗೆದು ತಾವೇ ಕೊಟ್ಟರು.