ಜೀವಿ ಒಂದೇ, ಇಲಾಖೆ ಎರಡು

ಕ್ಲೋರರಾಕ್ನಿಯೋಫೈಟ್ ಅಂತ ಒಂದು ಗುಂಪಿದೆ. ಸಮುದ್ರದ ಹಸಿರು ಏಕಕೋಶ ಜೀವಿಗಳು, ಅಮೀಬಾ ಥರ ಮೈಯಿಂದ ಎಳೆ ಬಿಟ್ಕೊಂಡು ಬ್ಯಾಕ್ಟೀರಿಯಾನೋ ಸಣ್ಣ ಪಾಚೀನೋ ಸಿಕ್ಕಿದ್ರೆ ಹಿಡಿದು ನುಂಗ್ತವೆ, ಬಿಸಿಲಿದ್ರೆ ತಮ್ಮ ಆಹಾರ ತಾವೇ ಮಾಡ್ಕೊಳ್ತವೆ. ಅವುಗಳಿಗೇನೂ ತೊಂದ್ರೆ ಇಲ್ಲ, ತೊಂದ್ರೆ ಪೂರ್ತಿ ಹೆಸರಿಡೋರದ್ದು.

ಯಾಕಂದ್ರೆ ಗಿಡ-ಪಾಚಿಗಳಿಗೆ ಹೆಸರಿಡೋಕೆ ಒಂದು ನಿಯಮಾವಳಿ, ಪ್ರಾಣಿಗಳಿಗೆ ಇನ್ನೊಂದು. ಹಸಿರಾಗಿದೆ ಅಂತ ಆ ಕೌಂಟರ್‌ನೋರು ಕರೀತಾರೆ, ಬೇಟೆ ಆಡುತ್ತೆ ಅಂತ ಈ ಕೌಂಟರ್‌ನೋರು ಎಳೀತಾರೆ. 1958ರಿಂದ 2011ರ ಕೊನೇವರೆಗೂ ಹೊಸ ಪಾಚಿ ಅಂತ ದಾಖಲಾಗ್ಬೇಕಂದ್ರೆ ಲ್ಯಾಟಿನ್‌ನಲ್ಲಿ ವಿವರಣೆ ಕಡ್ಡಾಯ, ಪ್ರಾಣಿ ಕೌಂಟರಲ್ಲಿ ಅದ್ಯಾವ ತಲೆನೋವೂ ಇಲ್ಲ! ಲ್ಯಾಟಿನ್ ಬರದೋರು ತಮ್ಮ ಕೋಶ ಏನ್ ತಿಂತಿದೆ ಅಂತ ಸ್ವಲ್ಪ ಗಮನವಿಟ್ಟು ನೋಡಿರ್ತಾರೆ ಅನ್ಸುತ್ತೆ.

1930ರಲ್ಲಿ ಗೈಟ್ಲರ್ ಅನ್ನೋ ಸಸ್ಯವಿಜ್ಞಾನಿ ಈ ಗುಂಪಿನ ಮೊದಲ ಪ್ರಭೇದ ವಿವರಿಸಿ ಹಳದಿ-ಹಸಿರು ಪಾಚಿಗಳ ಜೊತೆ ಕೂರಿಸಿದ್ರು. 1984ರಲ್ಲಿ ಹಿಬ್ಬರ್ಡ್, ನಾರಿಸ್ ಅನ್ನೋ ವಿಜ್ಞಾನಿಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿ, ಇದು ಅಲ್ಲೀದೇ ಅಲ್ಲ ಅಂತ ಆ ಒಂದೇ ಒಂದು ಪ್ರಭೇದಕ್ಕೆ ಹೊಸ ವಿಭಾಗ, ಹೊಸ ವರ್ಗ ಎರಡನ್ನೂ ಮಂಜೂರು ಮಾಡಿದ್ರು, ಸಿಬ್ಬಂದಿ ಒಬ್ಬ, ಬೋರ್ಡು ಎರಡು. ಆಮೇಲೆ ಡಿಎನ್‌ಎ ಬಂತು, 1998ರಲ್ಲಿ ಸರ್ಕೋಜೋವಾ ಅನ್ನೋ ಏಕಕೋಶ ಜೀವಿಗಳ ಗುಂಪಿಗೆ ವರ್ಗಾವಣೆ, 2002ರಲ್ಲಿ ರೈಜೇರಿಯಾ ಅನ್ನೋ ಇನ್ನೂ ದೊಡ್ಡ ಇಲಾಖೆಗೆ ವಿಲೀನ, ಅಲ್ಲಿ ನೆಂಟರು ಯಾರಪ್ಪ ಅಂದ್ರೆ ಫೊರಾಮಿನಿಫೆರಾ, ರೇಡಿಯೋಲೇರಿಯಾ ಅನ್ನೋ ಏಕಕೋಶ ಜೀವಿಗಳು. ಇಷ್ಟೂ ಟ್ರಾನ್ಸ್‌ಫರ್ ಆಗೋವಾಗ ಜೀವಿ ಕೂತಲ್ಲೇ ಕೂತಿತ್ತು.

ನಿಜವಾದ ಮಜಾ ಇರೋದು ಒಳಗೆ. ಇದರ ಪೂರ್ವಜ ಯಾವತ್ತೋ ಒಂದು ಹಸಿರು ಪಾಚೀನ ನುಂಗಿ ಅರಗಿಸ್ಕೊಳ್ಳದೇ ಉಳಿಸ್ಕೊಂಡ್ತು, ಅದೇ ಈಗಿನ ಕ್ಲೋರೋಪ್ಲಾಸ್ಟ್, ಅದಕ್ಕೇ ಅದರ ಸುತ್ತ ನಾಲ್ಕು ಪೊರೆ. ಹಸಿರು ಸ್ವಂತದ್ದಲ್ಲ ಅಂತಾಯ್ತು, ಆದ್ರೂ ಪಾಚಿ ಕೌಂಟರ್‌ನೋರು ಫೈಲ್ ವಾಪಸ್ ಕೊಡ್ಲಿಲ್ಲ. ಆ ನುಂಗಿಸ್ಕೊಂಡ ಪಾಚಿಯ ನ್ಯೂಕ್ಲಿಯಸ್ಸೂ ಸೊರಗಿ ಸಣ್ಣದಾಗಿ ನ್ಯೂಕ್ಲಿಯೋಮಾರ್ಫ್ ಅನ್ನೋ ಹೆಸರಲ್ಲಿ ಪೊರೆಗಳ ಮಧ್ಯೆ ಇನ್ನೂ ಇದೆ. ಇದೇ ಗುಂಪಿನ ಬಿಗೆಲೋವಿಯೆಲ್ಲಾ ಅನ್ನೋ ಜೀವಿಯಲ್ಲಿ ಇದರ ಡಿಎನ್‌ಎನ 2006ರಲ್ಲಿ ಪೂರ್ತಿ ಓದಿದ್ರು: 3 ಕ್ರೋಮೋಸೋಮು, 331 ಜೀನು, ಕ್ಲೋರೋಪ್ಲಾಸ್ಟಿಗೆ ಬೇಕಾದ ಪ್ರೋಟೀನ್ ಮಾಡೋವು ಬರೀ 17. ಮಿಕ್ಕವು ಹೆಚ್ಚುಕಮ್ಮಿ ಎಲ್ಲಾ ನ್ಯೂಕ್ಲಿಯೋಮಾರ್ಫ್ ಅನ್ನೋ ಆಫೀಸ್ ನಡೀಬೇಕಲ್ಲ, ಅದಕ್ಕೆ.

ಪಾಚಿಯೋರು ಇವತ್ತಿಗೂ ಈ ವರ್ಗಾನ ಕ್ಲೋರರಾಕ್ನಿಯೋಫೈಸಿಯೇ ಅಂತಾರೆ, ಪ್ರೋಟೋಜೋವಾದೋರ ಪಟ್ಟೀಲಿ ಇದೇ ಗುಂಪು ಕ್ಲೋರರಾಕ್ನಿಯಾ. ಎರಡೂ ಸರಿಯಂತೆ, ನಿಯಮದ ಪ್ರಕಾರ.