ಮೆಟಲ್ ಜಗಳ: ಬೆಂಗಳೂರಲ್ಲಿ ಒಂಥರಾ, ಬದಿಯಡ್ಕದಲ್ಲಿ ಇನ್ನೊಂಥರಾ

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ 1991ರ ಬ್ಲ್ಯಾಕ್ ಆಲ್ಬಂ ಅವರ ಒಳ್ಳೆಯ ಕೆಲಸಗಳಲ್ಲಿ ಒಂದು. ಇದು ನನ್ನ ಅಭಿಪ್ರಾಯ. ಹಳೇ ಮೆಟಲ್ ಅಭಿಮಾನಿಗಳ ಮುಂದೆ ಇದನ್ನು ಹೇಳಬಾರದು ಅಂತ ಗೊತ್ತಿದ್ದೂ ಹೇಳುತ್ತಾ ಬಂದಿದ್ದೇನೆ. ಬೆಂಗಳೂರಿನಲ್ಲಿ ಹೇಳಿದಾಗ ಒಂದೇ ಪದದ ಉತ್ತರ ಸಿಗುತ್ತಿತ್ತು: ಪೋಸರ್, ಅಂದರೆ ಸೋಗಿನ ಅಭಿಮಾನಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಹೇಳಿದಾಗ ರಾತ್ರಿ ಊಟ ತಣ್ಣಗಾಗುವವರೆಗೆ ವಾದ ನಡೆಯಿತು. ನಂಗೆ ಎರಡನೆಯದೇ ಇಷ್ಟ.

ಬೆಂಗಳೂರನ್ನು ಬೈಯೋಕೆ ಹೊರಟಿಲ್ಲ. ನಾನು ಓದಿದ್ದು, ಈ ಸಂಗೀತದ ಹುಚ್ಚು ಹತ್ತಿಸಿಕೊಂಡಿದ್ದು ಅಲ್ಲೇ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ, ಇಬ್ಬರೂ ಅರಮನೆ ಮೈದಾನದಲ್ಲಿ ನುಡಿಸಿ ಹೋದ ಊರು ಅದು. ಕ್ರಿಪ್ಟೋಸ್‌ನಂಥ ಬ್ಯಾಂಡ್ 1998ರಲ್ಲೇ ಅಲ್ಲಿ ಹುಟ್ಟಿತು. ಅಲ್ಲಿಯವರು ಕೇಳಿರುವುದು ಜಾಸ್ತಿ, ದುಡ್ಡು ಕೊಟ್ಟು ಶೋಗೆ ಹೋಗುವುದೂ ಜಾಸ್ತಿ. ಆದರೆ ಅಲ್ಲಿ ಅಭಿಪ್ರಾಯ ಅಂದರೆ ಬ್ಯಾಂಡ್ ಹೆಸರಿನ ಕಪ್ಪು ಟೀ ಶರ್ಟ್ ಇದ್ದ ಹಾಗೆ. ಒಮ್ಮೆ ತೊಟ್ಟರೆ ಮುಗಿಯಿತು, ಇನ್ನೊಬ್ಬರದ್ದನ್ನು ತೊಟ್ಟು ನೋಡುವ ಮಾತೇ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕೆಲಸಕ್ಕಾಗಿ ಗಡಿ ದಾಟಿ ಕಾಸರಗೋಡು ಜಿಲ್ಲೆಗೆ ಬಂದೆ. ಇಲ್ಲಿ ಮೆಟಲ್ ಕೇಳುವವರು ಕಡಿಮೆ. ನಾವು ಸೇರಿದರೆ ಒಂದು ಜಗಲಿ ಸಾಕು. ಒಬ್ಬ ಅಡಿಕೆ ತೋಟದವನು, ಹವ್ಯಾಸಕ್ಕೆ ಚೆಂಡೆ ನುಡಿಸುತ್ತಾನೆ, ಎಪ್ಪತ್ತರ ದಶಕದ ಪ್ರಾಗ್ (ಪ್ರೋಗ್ರೆಸಿವ್ ರಾಕ್, ಉದ್ದುದ್ದ ಹಾಡಿನ, ತಿರುವುಮುರುವಿನ ರಾಕ್) ಅಂದರೆ ಪ್ರಾಣ. ಒಬ್ಬರು ಕನ್ನಡ ಶಾಲೆಯ ಟೀಚರ್, ಸ್ವೀಡನ್ನಿನ ಓಪೆತ್ ಬ್ಯಾಂಡ್‌ನ ಕಟ್ಟಾ ಅಭಿಮಾನಿ. ಇನ್ನೊಬ್ಬ ನನ್ನ ಆಫೀಸಿನ ಮಲಯಾಳಿ ಗೆಳೆಯ, ಕಣ್ಣೂರಿನವನು. ಎಲ್ಲರೂ ಬೇರೆ ಬೇರೆ ದಿಕ್ಕು. ಆದರೂ ಜಗಳ ಚೆನ್ನಾಗಿ ನಡೆಯುತ್ತದೆ. ಯಾಕೆ ಅಂದರೆ ಈ ಊರಿನವರಿಗೆ ಜಗಳ ಕಲಿಸಿದ್ದು ತಾಳಮದ್ದಲೆ.

ಘಟ್ಟದ ಮೇಲಿನವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ತಾಳಮದ್ದಲೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಮೇ ಕೊನೆಯ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಇದರ ಭರಾಟೆ. ಭಾಗವತರು ಪದ, ಅಂದರೆ ಹಾಡು, ಹೇಳುತ್ತಾರೆ. ಎದುರು ಬದುರು ಕೂತ ಅರ್ಥಧಾರಿಗಳು ಆ ಪದಕ್ಕೆ ಅಲ್ಲೇ ಮಾತು ಕಟ್ಟುತ್ತಾರೆ. ಬಾಯಿಪಾಠದ ಸಂಭಾಷಣೆ ಇರುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಯಾವ ಧರ್ಮ ಅಂತ ವಾಲಿ ಕೇಳಿದರೆ ರಾಮ ತಡಬಡಾಯಿಸುವ ಹಾಗಿಲ್ಲ. ಕುಂಬಳೆ ಹತ್ತಿರದ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣ, ಕೌರವನಂಥ ಪಾತ್ರಗಳಿಗೆ ಕೊಡುತ್ತಿದ್ದ ವಾದವನ್ನು ಇಲ್ಲಿಯ ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಇವತ್ತು ವಾಲಿಯಾದವರು ನಾಳೆ ಇನ್ನೊಂದು ಕೂಟದಲ್ಲಿ ರಾಮ. ಅಲ್ಲಿಯೂ ಅಷ್ಟೇ ಜೋರು. ಒಂದೇ ಕಟ್ಟುಪಾಡು. ಪದ್ಯ ಹೇಳಿದ್ದನ್ನು ಇಲ್ಲ ಅನ್ನುವಂತಿಲ್ಲ. ಎಷ್ಟೇ ಚೆನ್ನಾಗಿ ವಾದ ಮಾಡಿದರೂ ವಾಲಿ ಸಾಯಲೇಬೇಕು.

ಬ್ಲ್ಯಾಕ್ ಆಲ್ಬಂ ವಿಷಯ ಬಂದಾಗ ಚೆಂಡೆ ಗೆಳೆಯ ಅದನ್ನೇ ಮಾಡಿದ. ಅವನಿಗೂ ಆ ಆಲ್ಬಂ ಇಷ್ಟ. ಆದರೆ "ನಾನು ವಿರುದ್ಧ ಹೇಳ್ತೇನೆ ಭಾವ, ಇಲ್ಲದಿದ್ರೆ ಎಂತ ಮಜ?" ಅಂದ. ಶುರು ಮಾಡಿದ ನೋಡಿ. ಮೆಟಾಲಿಕಾದ್ದೇ 1988ರ ಆಲ್ಬಂನಲ್ಲಿ ಹತ್ತು ನಿಮಿಷದ ಹತ್ತಿರ ಹೋಗುವ ಹಾಡುಗಳಿವೆ. 1991ರದ್ದರಲ್ಲಿ ಏಳು ನಿಮಿಷ ಮುಟ್ಟುವ ಹಾಡು ಒಂದೂ ಇಲ್ಲ. ನಿರ್ಮಾಪಕ ಬಾಬ್ ರಾಕ್ ಬಂದದ್ದು ಮಾಟ್ಲಿ ಕ್ರೂ ಥರದ ಥಳುಕಿನ ಬ್ಯಾಂಡ್‌ಗಳ ಕಡೆಯಿಂದ. ಅಮೆರಿಕ ಒಂದರಲ್ಲೇ ಒಂದೂವರೆ ಕೋಟಿಗೂ ಜಾಸ್ತಿ ಪ್ರತಿ ಹೋಗಿದೆ. ಇಷ್ಟು ಜನರಿಗೆ ಹಿಡಿಸಬೇಕಾದರೆ ಏನೋ ಬಿಟ್ಟುಕೊಟ್ಟಿರಲೇಬೇಕಲ್ವಾ?

ಒಳ್ಳೆಯ ವಾದವೇ. ಆದರೆ ಟೀಚರ್ ಬಿಡಲಿಲ್ಲ. "1988ರ ಆಲ್ಬಂನಲ್ಲಿ ಬಾಸ್ ಗಿಟಾರ್ ಎಲ್ಲಿದೆ ತೋರಿಸಿ ಮಾರಾಯ್ರೆ" ಅಂದರು. ಅದು ನಿಜ. 1986ರಲ್ಲಿ ಬಾಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ಬಸ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಆ ಮಿಕ್ಸ್‌ನಲ್ಲಿ ಕೇಳುವುದೇ ಇಲ್ಲ ಅನ್ನಬಹುದು. ಆ ಆಲ್ಬಂನ ಉದ್ದದ ಹಾಡು ನುಡಿಸುವಾಗ ಮುಂದೆ ನಿಂತವರ ಮುಖ ಬಾಡುತ್ತಿತ್ತು ಅಂತ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಂದಮೇಲೆ ಹಾಡು ಚಿಕ್ಕದಾದದ್ದು ದುಡ್ಡಿನ ಆಸೆಗೇ ಅಂತ ಹೇಗೆ ಹೇಳುವುದು? ಅವರಿಗೇ ಸಾಕಾಗಿತ್ತು. ನನ್ನ ಅಭಿಪ್ರಾಯ ಬದಲಾಗಲಿಲ್ಲ. ಆದರೆ ಅದಕ್ಕೆ ಬೆನ್ನೆಲುಬು ಬಂದದ್ದು ಆ ರಾತ್ರಿ. ಬೆಂಗಳೂರಿನಲ್ಲಿ ಇಷ್ಟು ವರ್ಷ ಅದು ಬರೀ ಹಟವಾಗಿತ್ತು.

ಪ್ರಾಗ್ ವಿಷಯದ ಜಗಳ ಇನ್ನೂ ರುಚಿ. 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಬಿಟ್ಟು ಹೋದ ಮೇಲೆ ಜೆನೆಸಿಸ್ ಬ್ಯಾಂಡ್ ಕೆಟ್ಟಿತು ಅನ್ನುವುದು ಸಾಮಾನ್ಯ ನಂಬಿಕೆ. ಆಮೇಲೆ ಹಾಡಲು ನಿಂತ ಡ್ರಮ್ಮರ್ ಫಿಲ್ ಕಾಲಿನ್ಸ್ ಮೇಲೆ ಎಲ್ಲರಿಗೂ ಸಿಟ್ಟು. ಚೆಂಡೆಯವನು ಒಪ್ಪುವುದಿಲ್ಲ. ಕಾಲಿನ್ಸ್ ಹಾಡಿದ ಎರಡು ಆಲ್ಬಂ 1976ರಲ್ಲೇ ಬಂದವು, ಎರಡೂ ಅಪ್ಪಟ ಪ್ರಾಗ್. ಗಿಟಾರಿಸ್ಟ್ ಸ್ಟೀವ್ ಹ್ಯಾಕೆಟ್ ಹೋದದ್ದು 1977ರಲ್ಲಿ, ಹಾಡುಗಳು ಗಿಡ್ಡ ಆಗಿದ್ದು ಅದರ ನಂತರ. ಹಾಗಾಗಿ ಅಳುವುದಾದರೆ ಹ್ಯಾಕೆಟ್‌ಗಾಗಿ ಅಳಿ ಅನ್ನುತ್ತಾನೆ. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಇನ್ನು ಯೆಸ್ ಬ್ಯಾಂಡ್‌ನ 1973ರ ಜೋಡಿ ಎಲ್‌ಪಿ. ನಾಲ್ಕೇ ಹಾಡು, ಎಂಬತ್ತು ನಿಮಿಷ. ಪ್ರಾಗ್ ಕೇಳುವವರಲ್ಲೇ ಅದನ್ನು ಸಹಿಸದವರು ಬಹಳ. ಕಣ್ಣೂರಿನವನಿಗೆ ಅದನ್ನು ಎತ್ತಿ ಹಿಡಿಯುವ ಪಾತ್ರ ಬಂತು. ನಾನು ಒಂದೇ ಸಾಕ್ಷಿ ಮುಂದಿಟ್ಟೆ. ಕೀಬೋರ್ಡ್ ನುಡಿಸುತ್ತಿದ್ದ ರಿಕ್ ವೇಕ್‌ಮನ್ ಅವರಿಗೇ ಅದು ಬೇಜಾರಾಗಿ, ಮ್ಯಾಂಚೆಸ್ಟರ್‌ನಲ್ಲಿ ಶೋ ನಡೆಯುತ್ತಿರುವಾಗಲೇ ವೇದಿಕೆ ಮೇಲೆ ಕರಿ ಊಟ ತರಿಸಿಕೊಂಡು ತಿಂದಿದ್ದರು. ಮುಂದಿನ ವರ್ಷ ಬ್ಯಾಂಡ್ ಬಿಟ್ಟೇ ಹೋದರು. ಇನ್ನೇನು ಬೇಕು?

ಅವನು ಒಂಚೂರೂ ಅಳುಕಲಿಲ್ಲ. "ರಾತ್ರಿ ಇಡೀ ಯಕ್ಷಗಾನ ಆಟ ನೋಡುವವರು ನಡುವೆ ಎದ್ದು ಚಾ ಕುಡಿಯಲಿಕ್ಕೆ ಹೋಗುವುದಿಲ್ಲವಾ? ಒಬ್ಬ ಊಟ ಮುಗಿಸಿ ಬಂದರೂ ಹಾಡು ಇನ್ನೂ ಅಲ್ಲೇ ಇದೆ ಅಂದರೆ ಅದು ದೊಡ್ಡ ಹಾಡು ಚೇಟ್ಟಾ." ಕರಿ ತಿಂದದ್ದನ್ನು ಅವನು ಸುಳ್ಳು ಅನ್ನಲಿಲ್ಲ ನೋಡಿ. ಒಪ್ಪಿಕೊಂಡೇ ತನ್ನ ಕಡೆಗೆ ತಿರುಗಿಸಿಕೊಂಡ. ಮಲಯಾಳಿಗೂ ಈ ವಿದ್ಯೆ ಹಿಡಿದುಬಿಟ್ಟಿದೆ.

ಒಂದು ವಿಷಯದಲ್ಲಿ ಇಲ್ಲಿಯವರು ನನ್ನ ಕಿವಿಯನ್ನೇ ಬದಲಿಸಿದರು. ಪ್ರಾಗ್ ಅಭಿಮಾನಿಗಳಿಗೆ ಎಣಿಕೆಯ ಜಂಬ ಜಾಸ್ತಿ. ಈ ಹಾಡು ಏಳು ಬಡಿತದ ತಾಳದಲ್ಲಿದೆ, ಅದು ಹನ್ನೊಂದರಲ್ಲಿದೆ ಅಂತ ಬೆರಳು ಮಡಚುವುದು. ಯಕ್ಷಗಾನದ ತ್ರಿವುಡೆ ತಾಳಕ್ಕೂ ಏಳೇ ಅಕ್ಷರ. ದೇವಸ್ಥಾನದ ಅಂಗಳದಲ್ಲಿ ಆಟ ನೋಡುವ ಪುಟ್ಟ ಮಕ್ಕಳೂ ಅದಕ್ಕೆ ಎಣಿಸದೆ ತಲೆ ಆಡಿಸುತ್ತಾರೆ. ಪಿಂಕ್ ಫ್ಲಾಯ್ಡ್‌ನವರ 1973ರ 'ಮನಿ' ಹಾಡು ಏಳರಲ್ಲಿ ನಡೆಯುತ್ತದೆ, ಆದರೆ ಗಿಟಾರ್ ಸೋಲೋಗೆ ಬರುವಾಗ ನಾಲ್ಕಕ್ಕೆ ಇಳಿಯುತ್ತದೆ. ಅಲ್ಲಿಗೆ ಹಾಡು ಸಡಿಲ ಆಯಿತಾ? ಇನ್ನೂ ಹಾರಿತು. ಏಳು ಅನ್ನುವುದು ಒಂದು ನಡೆ, ಅಷ್ಟೇ. ಸುಮ್ನೆ ಅದನ್ನು ಪದವಿ ಸರ್ಟಿಫಿಕೇಟ್ ಮಾಡುವುದು ಬೇಡ.

ಹಾಗಂತ ಬದಿಯಡ್ಕದ ರೀತಿಯಲ್ಲಿ ಐಬಿಲ್ಲ ಅಂತಲ್ಲ. ದೊಡ್ಡ ಐಬೇ ಇದೆ. ಇಲ್ಲಿ ಮಾತು ಗೆಲ್ಲುತ್ತದೆ, ಕಿವಿ ಸೋಲುತ್ತದೆ. ಓಪೆತ್‌ನ ಮಿಕೇಲ್ ಓಕರ್‌ಫೆಲ್ಟ್ 2011ರ ಆಲ್ಬಂನಿಂದ ಗ್ರೌಲ್ (ಗಂಟಲಿನಿಂದ ಗುರುಗುಟ್ಟಿ ಹಾಡುವುದು) ಬಿಟ್ಟು ಬರೀ ದನಿಯಲ್ಲಿ ಹಾಡಲು ಶುರು ಮಾಡಿದರು. ಮತ್ತೆ ಗ್ರೌಲ್ ಬಂದದ್ದು 2024ರ ಆಲ್ಬಂನಲ್ಲಿ. ನಡುವಿನ ಆ ವರ್ಷಗಳೇ ಚಿನ್ನ ಅಂತ ಟೀಚರ್ ವಾದ. ಅದಕ್ಕೆ ಎದುರಾಗಿ ಒಬ್ಬರು ಎಷ್ಟು ಚಂದ ಮಾತಾಡಿದರು ಅಂದರೆ ಜಗಲಿಯಲ್ಲಿದ್ದವರೆಲ್ಲ ಸೈ ಅಂದರು. ಆಮೇಲೆ ಕೇಳಿದರೆ, ಆ ಆಲ್ಬಂಗಳನ್ನು ಅವರು ಪೂರ್ತಿ ಕೇಳಿಯೇ ಇಲ್ಲ! ಬೆಂಗಳೂರಿನಲ್ಲಿ ಇದು ನಡೆಯುತ್ತಿರಲಿಲ್ಲ. ಅಲ್ಲಿಯ ಪೋಸರ್ ಅನ್ನುವ ಬೈಗುಳಕ್ಕೆ ಇರುವ ಒಂದೇ ಒಂದು ಉಪಯೋಗ ಅದು, ಕೇಳದೆ ಮಾತಾಡುವವರಿಗೆ ಭಯ ಹುಟ್ಟಿಸುತ್ತದೆ. ಈಗ ನಮ್ಮಲ್ಲೊಂದು ನಿಯಮ ಮಾಡಿದ್ದೇವೆ. ಮೊದಲು ಸ್ಪೀಕರಿನಲ್ಲಿ ಹಾಡು, ಆಮೇಲೆ ಬಾಯಿ.

ನನ್ನ ಇನ್ನೊಂದು ಅಭಿಪ್ರಾಯಕ್ಕೆ ಎರಡೂ ಕಡೆ ಬೆಂಬಲ ಇಲ್ಲ. ಗಿಟಾರ್ ಹಾಡಿನ ಮೊದಲಿಗೆ ಅರ್ಧ ನಿಮಿಷ ಚೆಂಡೆ ಸೇರಿಸಿ ಮಣ್ಣಿನ ವಾಸನೆ ಅನ್ನುವುದು ಸೋಮಾರಿತನ. ಕೊಚ್ಚಿಯ ಮದರ್‌ಜೇನ್ ಬ್ಯಾಂಡ್‌ನ 2008ರ ಆಲ್ಬಂ ಕೇಳಿ. ಬೈಜು ಧರ್ಮಜನ್ ಅವರ ಗಿಟಾರಿನ ಒಳಗೇ ಕರ್ನಾಟಕ ಸಂಗೀತದ ಗಮಕ ಇದೆ, ಹೊರಗಿಂದ ಅಂಟಿಸಿದ್ದಲ್ಲ. ಕಣ್ಣೂರಿನ ದಿ ಡೌನ್ ಟ್ರಾಡೆನ್ಸ್ ಕೂಡ ಮೊದಲು ಗಟ್ಟಿ ಥ್ರ್ಯಾಶ್ (ವೇಗದ, ಒರಟು ಮೆಟಲ್) ಬ್ಯಾಂಡ್, ಜನಪದ ಆಮೇಲೆ. ಬೆಂಗಳೂರಿನ ಗೆಳೆಯರು ಇದನ್ನು ಕೇಳಿ ನಾನು ಮಡಿವಂತ ಅಂತಾರೆ. ಇಲ್ಲಿ ಚೆಂಡೆಯವನಿಗೆ ಅವನ ಚೆಂಡೆಯನ್ನೇ ಬೈದ ಹಾಗೆ ಕೇಳಿಸುತ್ತದೆ. ಇರಲಿ.

ಸದ್ಯಕ್ಕೆ ಬಾಕಿ ಇರುವುದು ಮೆಟಾಲಿಕಾದ 2003ರ ಆಲ್ಬಂ. ಲಾರ್ಸ್ ಉಲ್ರಿಚ್ ಸ್ನೇರ್ ಡ್ರಮ್ಮಿನ ತಂತಿ ಬಿಡಿಸಿ ನುಡಿಸಿದ್ದು, ಖಾಲಿ ಡಬ್ಬ ಬಡಿದ ಸದ್ದಿನದ್ದು. ಅದನ್ನು ಸಮರ್ಥಿಸುವ ಪಾತ್ರಕ್ಕೆ ಇನ್ನೂ ಅರ್ಥಧಾರಿ ಸಿಕ್ಕಿಲ್ಲ. ಚೆಂಡೆಯವನನ್ನೇ ಕೇಳಿದೆವು. "ವಾಲಿ ಆಗಲಿ, ದುಶ್ಶಾಸನ ಆಗಲಿ ಮಾಡಿಯೇನು ಭಾವ, ಇದೊಂದು ಬೇಡ" ಅಂತ ಕೈ ಮುಗಿದ.